ರೇ ಚಾರ್ಲ್ಸ್ ಕಲಿತದ್ದನ್ನೂ ಬರೆಯಿರಿ

ಮಾನ್ಯರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಅಮೆರಿಕದ ಅಂಧ ಗಾಯಕ, ಪಿಯಾನೊ ವಾದಕ ರೇ ಚಾರ್ಲ್ಸ್ ಕುರಿತ ಲೇಖನ ಓದಿದೆವು. ಚರ್ಚಿನ ಹಾಡನ್ನೂ, ಕರಿಯ ಅಮೆರಿಕನ್ನರ ನೋವಿನ ಹಾಡಾದ ಬ್ಲೂಸನ್ನೂ ಬೆರೆಸಿ ಸೋಲ್ ಸಂಗೀತಕ್ಕೆ ಬುನಾದಿ ಹಾಕಿದವರು, ರಾಕ್ ಗಾಯಕರ ಒಂದಿಡೀ ಪೀಳಿಗೆಗೆ ದಾರಿ ತೋರಿದವರು ಅವರು. ಅಂಥವರಿಗೆ ಕನ್ನಡ ಪತ್ರಿಕೆಯಲ್ಲಿ ಅರ್ಧ ಪುಟ ಸಿಕ್ಕಿದ್ದು ಸಂತೋಷವೇ. ಆದರೆ ತಲೆಬರಹದಿಂದ ಕೊನೆಯ ಸಾಲಿನವರೆಗೂ ಲೇಖನದಲ್ಲಿರುವುದು ಒಂದೇ ಮಾತು: ದೇವರು ಕಣ್ಣು ಕಿತ್ತುಕೊಂಡು ಕಿವಿ ಕೊಟ್ಟ. ಅಂಧ ಮಕ್ಕಳಿಗೆ ಪಿಯಾನೊ, ಕೀಬೋರ್ಡ್ ಹೇಳಿಕೊಡುವವರು ನಾವು. ಈ ಮಾತನ್ನು ಒಪ್ಪಲಾರೆವು. ರೇ ಚಾರ್ಲ್ಸ್ ಅವರಿಗೆ ಯಾರು ಏನು ಕಲಿಸಿದರು, ಅವರು ಹೇಗೆ ಕಲಿತರು, ಕಲಿತದ್ದನ್ನು ಎಲ್ಲಿ ಬಳಸಿದರು ಎಂಬುದೆಲ್ಲ ತಿಳಿದಿರುವ ಸಂಗತಿ. ಅದನ್ನು ಬಿಟ್ಟು ‘ವರ’ ಎಂದುಬಿಟ್ಟರೆ ಐವತ್ತಕ್ಕೂ ಹೆಚ್ಚು ವರ್ಷಗಳ ದುಡಿಮೆಯನ್ನು ಒರೆಸಿಹಾಕಿದ ಹಾಗೆ.

ಮೊದಲಿಗೆ ವಯಸ್ಸಿನ ಲೆಕ್ಕ ನೋಡಿ. ರೇ ಹುಟ್ಟಿದ್ದು 1930ರ ಸೆಪ್ಟೆಂಬರ್ 23ರಂದು, ಜಾರ್ಜಿಯಾ ರಾಜ್ಯದ ಆಲ್ಬನಿಯಲ್ಲಿ. ಬೆಳೆದದ್ದು ಫ್ಲಾರಿಡಾದ ಗ್ರೀನ್‌ವಿಲ್ ಎಂಬ ಸಣ್ಣ ಊರಿನಲ್ಲಿ. ಅಲ್ಲಿ ವೈಲಿ ಪಿಟ್‌ಮನ್ ಎಂಬವರು ರೆಡ್ ವಿಂಗ್ ಕೆಫೆ ನಡೆಸುತ್ತಿದ್ದರು. ಕೆಫೆಯಲ್ಲೊಂದು ಹಳೆಯ ಪಿಯಾನೊ ಇತ್ತು. ಪಿಟ್‌ಮನ್ ಬೂಗಿ ವೂಗಿ ಎಂಬ ಚುರುಕು ಲಯದ ಸಂಗೀತ ನುಡಿಸಲು ಕೂತರೆ ಪುಟ್ಟ ರೇ ಆಟ ಬಿಟ್ಟು ಓಡಿ ಬರುತ್ತಿದ್ದ. ಅವರು ಹುಡುಗನನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂದು ಬೆರಳಿನಲ್ಲಿ ಸಣ್ಣ ಧಾಟಿಯೊಂದನ್ನು ನುಡಿಸುವುದು ಹೇಗೆಂದು ತೋರಿಸಿಕೊಟ್ಟರು. ಆಗ ಹುಡುಗನಿಗೆ ಕಣ್ಣು ಕಾಣುತ್ತಿತ್ತು! ದೃಷ್ಟಿ ಮಂಜಾಗತೊಡಗಿದ್ದು ಐದನೆಯ ವಯಸ್ಸಿನ ಆಸುಪಾಸಿನಲ್ಲಿ, ಪೂರ್ತಿ ಹೋದದ್ದು ಏಳರ ಹೊತ್ತಿಗೆ. ಗ್ಲಾಕೋಮಾ ಎಂಬ ಕಣ್ಣಿನ ರೋಗ ಇದಕ್ಕೆ ಕಾರಣವೆಂದು ಹೇಳುತ್ತಾರೆ. ಎಂದರೆ ಪಿಯಾನೊದ ಮೊದಲ ಪಾಠ ಕುರುಡಿಗಿಂತ ಮುಂಚೆಯೇ ಬಂದಿತ್ತು. ಬಟ್ಟೆ ಒಗೆದು ಮನೆ ನಡೆಸುತ್ತಿದ್ದ ತಾಯಿ ಮಗನಿಗೆ ಕಣ್ಣು ಹೋದ ಮೇಲೂ ನೆಲ ತಿಕ್ಕುವ, ಸೌದೆ ಒಡೆಯುವ ಕೆಲಸವನ್ನು ತಪ್ಪಿಸಲಿಲ್ಲ. ನೆರೆಹೊರೆಯವರು ಆಡಿಕೊಂಡರೂ ಆಕೆ ಕೇಳಲಿಲ್ಲ.

1937ರಿಂದ 1945ರವರೆಗೆ ರೇ ಓದಿದ್ದು ಸೇಂಟ್ ಆಗಸ್ಟೀನ್ ಊರಿನಲ್ಲಿದ್ದ ಫ್ಲಾರಿಡಾ ರಾಜ್ಯದ ಕಿವುಡ ಮತ್ತು ಅಂಧ ಮಕ್ಕಳ ಶಾಲೆಯಲ್ಲಿ. ಕರಿಯ ಮಕ್ಕಳನ್ನೂ ಬಿಳಿಯ ಮಕ್ಕಳನ್ನೂ ಅಲ್ಲಿ ಬೇರೆಬೇರೆ ಇಟ್ಟಿದ್ದರು. ಆದರೂ ಆ ಶಾಲೆ ಅವನಿಗೆ ಬ್ರೈಲ್ ಸ್ವರಲಿಪಿಯನ್ನು ಕೊಟ್ಟಿತು, ಬಾಖ್, ಮೊಜಾರ್ಟ್, ಬೀಥೋವನ್‌ರ ಕೃತಿಗಳನ್ನು ಕೊಟ್ಟಿತು, ಕ್ಲಾರಿನೆಟ್ಟನ್ನೂ ಕೈಗಿತ್ತಿತು. ನಿಮ್ಮ ಲೇಖನದಲ್ಲಿ ಈ ಎಂಟು ವರ್ಷಗಳಿಗೆ ಸಿಕ್ಕಿದ್ದು ಒಂದೇ ಸಾಲು. ನಮ್ಮ ಲೆಕ್ಕದಲ್ಲಿ ಇಡೀ ಕಥೆ ಇರುವುದೇ ಇಲ್ಲಿ.

ಬ್ರೈಲ್ ಸ್ವರಲಿಪಿ ಎಂದರೆ ಏನೆಂದು ಓದುಗರಿಗೆ ಗೊತ್ತಾಗಲಿ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇವೆ. ಬ್ರೈಲ್ ಎಂದರೆ ಬೆರಳಿನಿಂದ ತಡವಿ ಓದುವ ಉಬ್ಬು ಚುಕ್ಕಿಗಳ ಲಿಪಿ. ಅದರ ಒಂದು ಮನೆಯಲ್ಲಿ ಆರು ಚುಕ್ಕಿಗಳಿಗೆ ಜಾಗ: ಎಡಗಡೆ ಮೇಲಿನಿಂದ ಕೆಳಕ್ಕೆ 1, 2, 3, ಬಲಗಡೆ 4, 5, 6. ಸಂಗೀತ ಬರೆಯುವಾಗ ಮೇಲಿನ ನಾಲ್ಕು ಚುಕ್ಕಿಗಳು, ಅಂದರೆ 1, 2, 4, 5, ಸ್ವರ ಯಾವುದೆಂದು ಹೇಳುತ್ತವೆ. ಕೆಳಗಿನ 3 ಮತ್ತು 6 ಆ ಸ್ವರ ಎಷ್ಟು ಹೊತ್ತು ನಿಲ್ಲಬೇಕೆಂದು ಹೇಳುತ್ತವೆ. ಕೆಳಗೆ ಚುಕ್ಕಿಯೇ ಇಲ್ಲದಿದ್ದರೆ ಅರ್ಧ ಎಣಿಕೆ. 6 ಮಾತ್ರ ಇದ್ದರೆ ಒಂದು ಎಣಿಕೆ, 3 ಮಾತ್ರ ಇದ್ದರೆ ಎರಡು, ಎರಡೂ ಇದ್ದರೆ ನಾಲ್ಕು. ಹೊಸಬರು ಎಡವುವುದು ಮೊದಲ ಹೆಜ್ಜೆಯಲ್ಲೇ. ಇಂಗ್ಲಿಷ್ ಬ್ರೈಲ್‌ನಲ್ಲಿ ‘ಡಿ’ ಅಕ್ಷರವಾಗಿದ್ದ ಗುರುತು ಇಲ್ಲಿ ಪಾಶ್ಚಾತ್ಯ ಸಂಗೀತದ ‘ಸಿ’ ಸ್ವರ, ‘ಇ’ ಆಗಿದ್ದದ್ದು ‘ಡಿ’ ಸ್ವರ. ಓದು ಬರಹ ಕಲಿತ ಬೆರಳು ಈ ಒಂದು ಸ್ಥಾನದ ವ್ಯತ್ಯಾಸವನ್ನು ಮರೆತರೆ ಧಾಟಿ ಪೂರ್ತಿ ಜಾರುತ್ತದೆ.

ಇನ್ನೊಂದು ತೊಡಕಿದೆ. ನಾಲ್ಕು ಎಣಿಕೆಯ ಸ್ವರಕ್ಕೂ ಕಾಲು ಎಣಿಕೆಯ ಸ್ವರಕ್ಕೂ ಗುರುತು ಒಂದೇ. ಯಾವುದೆಂದು ತಿಳಿಯಬೇಕಾದರೆ ಆ ಬಾರ್‌ನಲ್ಲಿರುವ, ಅಂದರೆ ತಾಳದ ಆ ಒಂದು ಸುತ್ತಿನಲ್ಲಿರುವ, ಸ್ವರಗಳನ್ನೆಲ್ಲ ಎಣಿಸಿ ಲೆಕ್ಕ ಕೂಡುತ್ತದೆಯೇ ಎಂದು ನೋಡಬೇಕು. ಸ್ಥಾಯಿಯ ಗುರುತೂ ಎಲ್ಲ ಕಡೆ ಇರುವುದಿಲ್ಲ. ಪಕ್ಕದ ಸ್ವರಕ್ಕೋ ಮೂರನೆಯ ಸ್ವರಕ್ಕೋ ಹೋಗುವಾಗ ಅದನ್ನು ಬಿಡುತ್ತಾರೆ, ಆರು ಸ್ವರ ಅಥವಾ ಅದಕ್ಕೂ ದೂರ ಹಾರುವಾಗ ಹಾಕಲೇಬೇಕು. ಆ ಒಂದು ಗುರುತು ಬೆರಳಿಗೆ ಸಿಗದೆ ಹೋದರೆ ಅಲ್ಲಿಂದ ಮುಂದಿನದೆಲ್ಲ ತಪ್ಪು ಸ್ಥಾಯಿಯಲ್ಲಿ ನಡೆಯುತ್ತದೆ. ಒಟ್ಟಿಗೆ ಒತ್ತುವ ಸ್ವರಗಳಲ್ಲಿ, ಅಂದರೆ ಕಾರ್ಡ್‌ಗಳಲ್ಲಿ, ಒಂದನ್ನು ಮಾತ್ರ ಹೆಸರಿಸಿ ಉಳಿದವು ಎಷ್ಟು ದೂರ ಎಂದು ಬರೆಯುತ್ತಾರೆ. ಬಲಗೈಯದನ್ನು ಮೇಲಿನ ಸ್ವರದಿಂದ ಕೆಳಕ್ಕೆ ಎಣಿಸಬೇಕು, ಎಡಗೈಯದನ್ನು ಕೆಳಗಿನಿಂದ ಮೇಲಕ್ಕೆ.

ಇದನ್ನೆಲ್ಲ ಓದಬೇಕಾದ್ದು ಬೆರಳು. ಆದರೆ ನುಡಿಸಬೇಕಾದ್ದೂ ಬೆರಳೇ ಅಲ್ಲವೇ? ಕಣ್ಣಿರುವವರ ಹಾಗೆ ಹಾಳೆ ನೋಡುತ್ತ ಎರಡೂ ಕೈಯಲ್ಲಿ ನುಡಿಸಿಕೊಂಡು ಹೋಗುವುದು ಇಲ್ಲಿ ಸಾಧ್ಯವೇ ಇಲ್ಲ. ಎಡಗೈಯಿಂದ ಓದುತ್ತ ಬಲಗೈಯದನ್ನು ನುಡಿಸಬೇಕು, ಅದು ತಲೆಯಲ್ಲಿ ಕೂತ ಮೇಲೆ ಬಲಗೈಯಿಂದ ಓದುತ್ತ ಎಡಗೈಯದನ್ನು ನುಡಿಸಬೇಕು, ಆಮೇಲೆ ಪುಸ್ತಕ ಬಿಟ್ಟು ಎರಡನ್ನೂ ಕೂಡಿಸಬೇಕು. ಒಂದು ಸಲಕ್ಕೆ ನಾಲ್ಕೈದು ಬಾರ್, ಅಷ್ಟೇ. ಅದು ಗಟ್ಟಿಯಾದ ಮೇಲೆ ಮುಂದಿನ ನಾಲ್ಕೈದು. ಹೀಗೆ ಎಂಟು ವರ್ಷ ಕಲಿತ ಹುಡುಗನಿಗೆ ಒಂದು ಕೃತಿಯ ಪ್ರತಿಯೊಂದು ಎಳೆಯೂ ಬೇರೆಬೇರೆಯಾಗಿ ನೆನಪಿನಲ್ಲಿ ನಿಂತಿರುತ್ತದೆ. ಮುಂದೆ ಎಲ್ಲರೂ ಬೆರಗಾದ ಅವರ ‘ಕಿವಿ’ ಹುಟ್ಟಿದ್ದು ಈ ಕಂಠಪಾಠದಲ್ಲಿ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಬೆಳಗಿನ ಜಾವದ ಅಭ್ಯಾಸ ಕೇಳಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಆ ಕಲಿಕೆ ಏನು ಫಲ ಕೊಟ್ಟಿತು ನೋಡಿ. ಹರೆಯದಲ್ಲೇ ರೇ ಇಡೀ ವಾದ್ಯವೃಂದಕ್ಕೆ ಸ್ವರ ಸಂಯೋಜನೆ ಮಾಡುತ್ತಿದ್ದರು. ಅವರು ಹೇಳುತ್ತ ಹೋಗುತ್ತಿದ್ದರು, ಕಣ್ಣಿರುವ ಒಬ್ಬರು ಬರೆದುಕೊಳ್ಳುತ್ತಿದ್ದರು. ಮೊದಲು ಒಂದು ವಾದ್ಯದ ಭಾಗ ಶುರುವಿನಿಂದ ಕೊನೆಯವರೆಗೆ, ನಂತರ ಇನ್ನೊಂದರದ್ದು. ಇದರ ಕಷ್ಟ ವಾದ್ಯಗಾರರಿಗೆ ಗೊತ್ತು. ಊದುವ ಕೆಲವು ವಾದ್ಯಗಳಲ್ಲಿ ಬರೆದ ಸ್ವರವೇ ಬೇರೆ, ಕೇಳಿಸುವುದೇ ಬೇರೆ. ಪಿಯಾನೊದ ‘ಸಿ’ ಸ್ವರ ಬೇಕಾದರೆ ಟ್ರಂಪೆಟ್‌ಗೂ ಟೆನರ್ ಸ್ಯಾಕ್ಸೊಫೋನ್‌ಗೂ ‘ಡಿ’ ಎಂದು ಬರೆಯಬೇಕು, ಆಲ್ಟೊ ಮತ್ತು ಬ್ಯಾರಿಟೋನ್ ಸ್ಯಾಕ್ಸೊಫೋನ್‌ಗೆ ‘ಎ’ ಎಂದು ಬರೆಯಬೇಕು. ಒಂದನ್ನು ಹೇಳಿಸುವಾಗ ಉಳಿದವೆಲ್ಲ ತಲೆಯಲ್ಲಿ ಓಡುತ್ತಿರಬೇಕು, ಇಲ್ಲದಿದ್ದರೆ ಮಾರನೆಯ ದಿನ ಎಲ್ಲರೂ ಕೂಡಿ ನುಡಿಸಿದಾಗ ಸ್ವರಗಳು ಒಂದಕ್ಕೊಂದು ತಾಗುತ್ತವೆ. ಇದು ದೇವರು ನಿದ್ದೆಯಲ್ಲಿ ಕೊಟ್ಟುಹೋಗುವ ವಿದ್ಯೆಯಲ್ಲ.

ವರವೇ ಆಗಿದ್ದರೆ ಅವರ ಸ್ವಂತ ದನಿ ಮೊದಲ ದಿನದಿಂದಲೇ ಕೇಳಿಸಬೇಕಿತ್ತು. ಹಾಗಾಗಲಿಲ್ಲ. 1945ರಲ್ಲಿ ತಾಯಿ ತೀರಿಕೊಂಡ ಮೇಲೆ ಜಾಕ್ಸನ್‌ವಿಲ್, ಒರ್ಲಾಂಡೊ, ಟ್ಯಾಂಪಾ ಎಂದು ಕೆಲಸ ಹುಡುಕಿಕೊಂಡು ತಿರುಗಿದರು. 1948ರಲ್ಲಿ ದೇಶದ ಇನ್ನೊಂದು ಮೂಲೆಯ ಸಿಯಾಟಲ್‌ಗೆ ಹೋದರು. ಮುಂದೆ ಹೆಸರಾಂತ ಸಂಗೀತ ನಿರ್ಮಾಪಕರಾದ, ಆಗ ಇನ್ನೂ ಮೀಸೆ ಬಾರದ ಹುಡುಗ ಕ್ವಿನ್ಸಿ ಜೋನ್ಸ್ ರೇ ಅವರಿಗೆ ಸಿಕ್ಕಿದ್ದು ಅಲ್ಲೇ. 1949ರ ‘ಕನ್ಫೆಷನ್ ಬ್ಲೂಸ್’ ಮತ್ತು ಅದರ ಸುತ್ತಮುತ್ತಲಿನ ರೆಕಾರ್ಡ್‌ಗಳನ್ನು ಕೇಳಿದರೆ ಅಲ್ಲಿರುವುದು ಆಗಿನ ಜನಪ್ರಿಯ ಗಾಯಕರಾದ ನ್ಯಾಟ್ ಕಿಂಗ್ ಕೋಲ್, ಚಾರ್ಲ್ಸ್ ಬ್ರೌನ್ ಅವರ ಶೈಲಿ. ಅವರನ್ನು ಬೇಕೆಂದೇ ಅನುಕರಿಸುತ್ತಿದ್ದೆ, ಹೊಟ್ಟೆಪಾಡು ಅದರಲ್ಲಿತ್ತು ಎಂದು ರೇ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ಬಾಕ್ಸರ್ ಶುಗರ್ ರೇ ರಾಬಿನ್ಸನ್ ಆಗಲೇ ಹೆಸರುವಾಸಿಯಾಗಿದ್ದರಿಂದ ತಮ್ಮ ರಾಬಿನ್ಸನ್ ಎಂಬ ಮನೆತನದ ಹೆಸರನ್ನು ಬಿಟ್ಟು ರೇ ಚಾರ್ಲ್ಸ್ ಆದದ್ದೂ ಈ ದಿನಗಳಲ್ಲೇ. 1952ರಲ್ಲಿ ಅಟ್ಲಾಂಟಿಕ್ ಎಂಬ ರೆಕಾರ್ಡ್ ಕಂಪನಿ ಅವರ ಕರಾರನ್ನು 2,500 ಡಾಲರ್‌ಗೆ ಕೊಂಡಿತು. ಆಗಲೂ ಆ ದನಿ ಪೂರ್ತಿ ಅವರದಾಗಿರಲಿಲ್ಲ.

ಅದು ಬದಲಾದದ್ದು 1954ರಲ್ಲಿ. ತಮ್ಮದೇ ತಂಡ ಕಟ್ಟಿದರು: ಎರಡು ಟ್ರಂಪೆಟ್, ಎರಡು ಸ್ಯಾಕ್ಸೊಫೋನ್, ಬಾಸ್, ಡ್ರಮ್ಸ್, ಜತೆಗೆ ತಮ್ಮ ಪಿಯಾನೊ. ಊರಿಂದೂರಿಗೆ ಹೋಗುವಾಗ ಕಾರಿನ ರೇಡಿಯೊದಲ್ಲಿ ಸದರ್ನ್ ಟೋನ್ಸ್ ತಂಡದ ಒಂದು ಭಕ್ತಿಗೀತೆ ಕಿವಿಗೆ ಬಿತ್ತು. ಆ ಧಾಟಿಗೆ ಪ್ರೇಮದ ಮಾತು ಕೂಡಿಸುವ ಕೆಲಸಕ್ಕೆ ತಂಡದ ಟ್ರಂಪೆಟ್ ವಾದಕ ರೆನಾಲ್ಡ್ ರಿಚರ್ಡ್ ಕೈಗೂಡಿಸಿದರು. ತಂಡ ಅದನ್ನು ಚೆನ್ನಾಗಿ ಪಳಗಿಸಿಕೊಂಡ ಮೇಲೆಯೇ ರೇ ಕಂಪನಿಯವರನ್ನು ಅಟ್ಲಾಂಟಾಕ್ಕೆ ಕರೆಸಿಕೊಂಡದ್ದು. ಅಲ್ಲಿನ ಒಂದು ರೇಡಿಯೊ ಕೇಂದ್ರದ ಕೋಣೆಯಲ್ಲಿ ನವೆಂಬರ್ 18ರಂದು ‘ಐ ಗಾಟ್ ಎ ವುಮನ್’ ದಾಖಲಾಯಿತು. ಅದು 1955ರಲ್ಲಿ ಕರಿಯರ ಜನಪ್ರಿಯ ಹಾಡುಗಳ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ದೇವರಿಗೆ ಹಾಡುವ ಧಾಟಿಯಲ್ಲಿ ಹೆಣ್ಣಿನ ಬಗ್ಗೆ ಹಾಡುವುದೇ ಎಂದು ಹಲವರು ಸಿಟ್ಟಾದರು, ಬ್ಲೂಸ್‌ನ ಹಿರಿಯ ಬಿಗ್ ಬಿಲ್ ಬ್ರೂಂಜಿ ಅವರಿಗೂ ಇದು ಸರಿಬರಲಿಲ್ಲ. ಸೋಲ್ ಎಂದು ಜಗತ್ತು ಮುಂದೆ ಕರೆದ ಸಂಗೀತ ಮಾತ್ರ ಆ ಹಾಡಿನಲ್ಲಿ ಸ್ಪಷ್ಟವಾಗಿ ಕೇಳುತ್ತದೆ.

‘ವಾಟ್‌ಡ್ ಐ ಸೇ’ ಹಾಡನ್ನು ನಿಮ್ಮ ಲೇಖನ ‘ದೈವಪ್ರೇರಣೆಯ ಕ್ಷಣ’ ಎಂದಿದೆ. ಅಂದು ನಡೆದದ್ದು ಇಷ್ಟು. 1958ರ ಡಿಸೆಂಬರ್, ಪೆನ್ಸಿಲ್ವೇನಿಯಾದ ಬ್ರೌನ್ಸ್‌ವಿಲ್‌ನಲ್ಲಿ ಒಂದು ನೃತ್ಯಕೂಟ. ಸಿದ್ಧ ಮಾಡಿಕೊಂಡು ಬಂದಿದ್ದ ಹಾಡುಗಳೆಲ್ಲ ಮುಗಿದು ಇನ್ನೂ ಹನ್ನೆರಡು ನಿಮಿಷ ಉಳಿದಿತ್ತು. ನಾನು ಹೇಳಿದ್ದನ್ನೇ ನೀವೂ ಹೇಳಿ ಎಂದು ಹಿಂದೆ ಹಾಡುವ ರೇಲೆಟ್ಸ್ ಹೆಂಗಸರಿಗೆ ಸೂಚಿಸಿ, ಎಡಗೈಯಲ್ಲಿ ಮತ್ತೆ ಮತ್ತೆ ಮರಳುವ ಒಂದು ಸಣ್ಣ ಧಾಟಿ ಹಿಡಿದು ಶುರು ಮಾಡಿದರು. ಅದು ಹನ್ನೆರಡು ಬಾರ್‌ಗಳ ಬ್ಲೂಸ್, ಅವರು ಸಾವಿರ ಸಲ ನುಡಿಸಿದ್ದ ಚೌಕಟ್ಟು. ಪಾದ್ರಿ ಕೂಗುವುದು, ಸಭೆ ಮರುದನಿ ಕೊಡುವುದು ಚಿಕ್ಕಂದಿನಿಂದ ಚರ್ಚಿನಲ್ಲಿ ಕೇಳಿದ್ದ ಪದ್ಧತಿ. ಚೌಕಟ್ಟೂ ಪದ್ಧತಿಯೂ ಕೈವಶವಾಗಿದ್ದವರಿಗೆ ಮಾತ್ರ ಹನ್ನೆರಡು ನಿಮಿಷವನ್ನು ಹಾಗೆ ತುಂಬಲು ಬರುತ್ತದೆ.

ಅಂದು ಅವರ ಮುಂದಿದ್ದ ವಾದ್ಯವೂ ಲೇಖನದಲ್ಲಿ ಬರಬೇಕಿತ್ತು. ಕ್ಲಬ್‌ಗಳಲ್ಲಿ ಸಿಗುವ ಪಿಯಾನೊಗಳು ಶ್ರುತಿ ತಪ್ಪಿರುತ್ತವೆ ಎಂದು ಅವರು ತಮ್ಮದೇ ವುರ್ಲಿಟ್ಜರ್ ವಿದ್ಯುತ್ ಪಿಯಾನೊವನ್ನು ಹೊತ್ತೊಯ್ಯುತ್ತಿದ್ದರು. ಅದಕ್ಕಾಗಿ ಕೆಲವರು ನಕ್ಕದ್ದೂ ಉಂಟು. ಅದರಲ್ಲಿ 64 ಕೀಲಿಗಳು. ತಂತಿಯ ಬದಲು ಉಕ್ಕಿನ ಪುಟ್ಟ ಪಟ್ಟಿಗಳಿರುತ್ತವೆ, ಸುತ್ತಿಗೆ ಬಡಿದಾಗ ಪಟ್ಟಿ ನಡುಗುತ್ತದೆ, ಆ ನಡುಕವನ್ನು ಪಕ್ಕದ ಲೋಹದ ತಗಡು ವಿದ್ಯುತ್ ಸಂಕೇತವಾಗಿ ಹಿಡಿಯುತ್ತದೆ. ಪಟ್ಟಿಯ ತುದಿಯಲ್ಲಿ ಬೆಸುಗೆಯ ಸೀಸದ ಒಂದು ಗುಬುಟು ಇರುತ್ತದೆ. ಅದನ್ನು ಅರದಿಂದ ಉಜ್ಜಿ ಕಡಿಮೆ ಮಾಡಿದರೆ ಶ್ರುತಿ ಏರುತ್ತದೆ, ಸೀಸ ಸೇರಿಸಿದರೆ ಇಳಿಯುತ್ತದೆ. ಪಟ್ಟಿಗೂ ತಗಡಿಗೂ ನಡುವಿನ ಸಂದಿನಲ್ಲಿ ಧೂಳು ಕೂತರೆ ಚಟಪಟ ಸದ್ದು ಬರುತ್ತದೆ. ಜೋರಾಗಿ ಬಡಿದೂ ಬಡಿದೂ ಪಟ್ಟಿ ದಣಿದು ಮುರಿಯುವುದೂ ಉಂಟು. ಆದರೆ ಜೋರಾಗಿ ಬಡಿದಾಗ ಅದರ ನಾದ ಸ್ವಲ್ಪ ಒರಟಾಗಿ ಒಡೆಯುತ್ತದೆ. ಆ ಹಾಡಿನ ಮೊದಲ ಕೆಲವು ಕ್ಷಣಗಳಲ್ಲೇ ಆ ಒರಟು ಕೇಳಿಸುತ್ತದೆ, ಮುಂದಿನ ರಾಕ್ ತಂಡಗಳಲ್ಲಿ ವಿದ್ಯುತ್ ಪಿಯಾನೊಗೆ ಜಾಗ ಸಿಕ್ಕಿದ್ದರಲ್ಲಿ ಅದರ ಪಾಲು ದೊಡ್ಡದು.

1959ರ ಫೆಬ್ರವರಿ 18ರಂದು ನ್ಯೂಯಾರ್ಕಿನ ಅಟ್ಲಾಂಟಿಕ್ ಸ್ಟುಡಿಯೊದಲ್ಲಿ ಹಾಡು ದಾಖಲಾಯಿತು. ಎಂಜಿನಿಯರ್ ಟಾಮ್ ಡೌಡ್ ಬಳಿ ಎಂಟು ಟ್ರ್ಯಾಕ್‌ನ, ಅಂದರೆ ಎಂಟು ದನಿಗಳನ್ನು ಬೇರೆಬೇರೆಯಾಗಿ ಹಿಡಿಯುವ, ಟೇಪ್ ಯಂತ್ರವಿತ್ತು. ಆಗ ಉಳಿದ ಹೆಚ್ಚಿನ ಸ್ಟುಡಿಯೊಗಳಲ್ಲಿ ಇದ್ದದ್ದು ಎರಡೋ ಮೂರೋ. ತೊಂದರೆ ಬಂದದ್ದು ಉದ್ದದಲ್ಲಿ. ಹಾಡು ಏಳೂವರೆ ನಿಮಿಷ, ನಿಮಿಷಕ್ಕೆ 45 ಸುತ್ತು ತಿರುಗುವ ರೆಕಾರ್ಡ್ ತಟ್ಟೆಯ ಒಂದು ಮಗ್ಗುಲಿಗೆ ಚೆನ್ನಾಗಿ ಹಿಡಿಯುವುದು ಮೂರು ನಿಮಿಷ ಚಿಲ್ಲರೆ. ಅದಕ್ಕಿಂತ ಉದ್ದವಾದರೆ ಗೀರುಗಳನ್ನು ಹತ್ತಿರ ಹತ್ತಿರ ಕೊರೆಯಬೇಕು, ಹಾಗೆ ಕೊರೆದರೆ ದನಿಯನ್ನು ತಗ್ಗಿಸಬೇಕು, ದನಿ ತಗ್ಗಿದ ತಟ್ಟೆ, ಕಾಸು ಹಾಕಿದರೆ ಹಾಡುವ ಜೂಕ್‌ಬಾಕ್ಸ್ ಪೆಟ್ಟಿಗೆಯಲ್ಲಿ ಬೇರೆ ಹಾಡುಗಳ ಮುಂದೆ ಸಪ್ಪೆಯಾಗುತ್ತದೆ. ಡೌಡ್ ಕೆಲವು ಸುತ್ತುಗಳನ್ನು ತೆಗೆದುಹಾಕಿ ಹಾಡನ್ನು ಎರಡು ಭಾಗ ಮಾಡಿದರು. ಮೊದಲ ಮಗ್ಗುಲು ಹಾಡು ಮುಗಿದೇಹೋಯಿತು ಎಂಬಂತೆ ನಿಲ್ಲುತ್ತದೆ, ತಟ್ಟೆ ತಿರುವಿ ಹಾಕಿದರೆ ರೇ ಮತ್ತು ರೇಲೆಟ್ಸ್‌ನ ನರಳಿಕೆಯ ಸವಾಲು ಜವಾಬು ಏರುತ್ತ ಹೋಗುತ್ತದೆ. ಆ ನರಳಿಕೆಗೇ ಕೆಲವು ರೇಡಿಯೊ ಕೇಂದ್ರಗಳು ಹಾಡನ್ನು ಬಿತ್ತರಿಸಲು ಒಪ್ಪಲಿಲ್ಲ. ಆದರೂ ಅದು ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ ಒಂದನೆಯದಾಯಿತು, ಎಲ್ಲ ಬಗೆಯ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಆರನೆಯದಾಯಿತು.

ಅದೇ ವರ್ಷದ ಕೊನೆಗೆ ರೇ ಅಟ್ಲಾಂಟಿಕ್ ಬಿಟ್ಟು ಎಬಿಸಿ-ಪ್ಯಾರಾಮೌಂಟ್ ಎಂಬ ಇನ್ನೊಂದು ರೆಕಾರ್ಡ್ ಕಂಪನಿ ಸೇರಿದರು. ವರ್ಷಕ್ಕೆ 50,000 ಡಾಲರ್ ಖಾತರಿ, ಹೆಚ್ಚಿನ ರಾಯಲ್ಟಿ, ಎಲ್ಲಕ್ಕಿಂತ ಮುಖ್ಯವಾಗಿ, ಮುಂದೆ ತಮ್ಮ ಮೂಲ ಟೇಪುಗಳು ತಮಗೇ ಸೇರಬೇಕೆಂಬ ಷರತ್ತು. ಮೂಲ ಟೇಪಿನ ಒಡೆತನವಿದ್ದರೆ ಆ ಹಾಡು ಮತ್ತೆ ಮುದ್ರಣವಾದಾಗಲೆಲ್ಲ, ಸಿನಿಮಾಕ್ಕೆ ಹೋದಾಗಲೆಲ್ಲ ಹಣ ಗಾಯಕನಿಗೆ ಬರುತ್ತದೆ. ಆ ಕಾಲದಲ್ಲಿ ಕರಿಯರಿರಲಿ ಬಿಳಿಯರಿರಲಿ, ಇಂಥ ಷರತ್ತು ಪಡೆದ ಗಾಯಕರು ತೀರಾ ವಿರಳ. ಅವರನ್ನು ‘ಮುಗ್ಧ’ ಎಂದು ಕರೆದ ನಿಮ್ಮ ಲೇಖನಕ್ಕೆ ಈ ಕರಾರೊಂದೇ ಸಾಕಾದ ಉತ್ತರ.

1962ರ ಕಂಟ್ರಿ, ಅಂದರೆ ಅಮೆರಿಕದ ಹಳ್ಳಿಗಾಡಿನ, ಹಾಡುಗಳ ಆಲ್ಬಮ್ಮನ್ನು ಲೇಖನ ‘ಅಚ್ಚರಿಯ ತಿರುವು’ ಎಂದಿದೆ. ತಿರುವೇನೂ ಇರಲಿಲ್ಲ. ಚಿಕ್ಕಂದಿನಲ್ಲಿ ರೇಡಿಯೊದಲ್ಲಿ ಗ್ರ್ಯಾಂಡ್ ಓಲ್ ಆಪ್ರಿ ಎಂಬ ಕಂಟ್ರಿ ಹಾಡುಗಳ ಕಾರ್ಯಕ್ರಮವನ್ನು ಅವರು ಬಿಡದೆ ಕೇಳುತ್ತಿದ್ದರು. ಟ್ಯಾಂಪಾದಲ್ಲಿ ಫ್ಲಾರಿಡಾ ಪ್ಲೇಬಾಯ್ಸ್ ಎಂಬ ಬಿಳಿಯರ ಕಂಟ್ರಿ ತಂಡದಲ್ಲಿ ಪಿಯಾನೊ ನುಡಿಸಿದ್ದರು. ಆ ಸಂಗೀತ ಅವರಿಗೆ ಒಳಗಿನಿಂದ ಗೊತ್ತಿತ್ತು. ಅಭಿಮಾನಿಗಳು ಕೈಬಿಟ್ಟಾರು ಎಂದು ಕಂಪನಿ ಅಂಜಿತು, ಅವರು ಪಟ್ಟು ಬಿಡಲಿಲ್ಲ. ಕೆಲವು ಹಾಡುಗಳಿಗೆ ಬಿಗ್ ಬ್ಯಾಂಡ್, ಕೆಲವಕ್ಕೆ ವಯಲಿನ್ ಸಮೂಹ ಮತ್ತು ಕೋರಸ್ ಇಟ್ಟು ಮಾಡಿದ ಆ ಆಲ್ಬಮ್ 14 ವಾರ ಮೊದಲ ಸ್ಥಾನದಲ್ಲಿತ್ತು. ಅದರ ‘ಐ ಕಾಂಟ್ ಸ್ಟಾಪ್ ಲವಿಂಗ್ ಯೂ’ ಐದು ವಾರ ಅಗ್ರದಲ್ಲಿತ್ತು.

ಇನ್ನು ಒಂದು ತಪ್ಪು ತಿದ್ದಲೇಬೇಕಾದದ್ದು. ಜಾರ್ಜಿಯಾ ರಾಜ್ಯ ರೇ ಚಾರ್ಲ್ಸ್ ಅವರಿಗೆ ಆಜೀವ ನಿಷೇಧ ಹೇರಿತ್ತು, 1979ರಲ್ಲಿ ಅದನ್ನು ತೆರವು ಮಾಡಿತು ಎಂದು ಬರೆದಿದ್ದೀರಿ. 2004ರ ‘ರೇ’ ಸಿನಿಮಾದಲ್ಲಿ ಹಾಗಿದೆ, ವಾಸ್ತವದಲ್ಲಿ ಹಾಗಿಲ್ಲ. 1961ರ ಮಾರ್ಚ್‌ನಲ್ಲಿ ಆಗಸ್ಟಾ ಊರಿನ ಬೆಲ್ ಸಭಾಂಗಣದಲ್ಲಿ ಅವರ ಕಾರ್ಯಕ್ರಮವಿತ್ತು. ಕುಣಿಯುವ ನೆಲ ಬಿಳಿಯರಿಗೆ ಮಾತ್ರ, ಕರಿಯರು ಮೇಲಿನ ಬಾಲ್ಕನಿಯಲ್ಲಿರಬೇಕು ಎಂಬ ಏರ್ಪಾಡನ್ನು ಪೇಯ್ನ್ ಕಾಲೇಜಿನ ವಿದ್ಯಾರ್ಥಿಗಳು ಅವರಿಗೆ ತಿಳಿಸಿದರು. ರೇ ಹಾಡಲು ಒಪ್ಪದೆ ಹೊರಟುಹೋದರು. ಆಯೋಜಕರು ನ್ಯಾಯಾಲಯಕ್ಕೆ ಹೋದರು, ರೇ 757 ಡಾಲರ್ ದಂಡ ತೆರಬೇಕಾಯಿತು. ನಿಷೇಧ ಇರಲಿಲ್ಲ. ಎಲ್ಲರೂ ಒಟ್ಟಿಗೆ ಕೂರುವ ಸಭೆಗಳಲ್ಲಿ ಅವರು ಮುಂದೆ ಜಾರ್ಜಿಯಾದಲ್ಲಿ ಹಾಡಿದರು. 1979ರ ಮಾರ್ಚ್ 7ರಂದು ಅಲ್ಲಿನ ಶಾಸನಸಭೆಯಲ್ಲಿ ‘ಜಾರ್ಜಿಯಾ ಆನ್ ಮೈ ಮೈಂಡ್’ ಹಾಡಿದರು, ಏಪ್ರಿಲ್‌ನಲ್ಲಿ ಅದು ನಾಡಗೀತೆಯಾಯಿತು. ಹಾಡು ಮಾತ್ರ ನಿಮ್ಮ ಲೇಖನ ಹೇಳುವಂತೆ ಅವರ ರಚನೆಯಲ್ಲ, 1930ರಲ್ಲಿ ಅದನ್ನು ಮಾಡಿದವರು ಹೋಗೀ ಕಾರ್ಮೈಕಲ್ ಮತ್ತು ಸ್ಟುವರ್ಟ್ ಗೊರೆಲ್. ಇದನ್ನೂ ದಯವಿಟ್ಟು ತಿದ್ದಿ.

ಹೆರಾಯಿನ್ ಚಟವನ್ನು ಲೇಖನ ಪೂರ್ತಿ ಬಿಟ್ಟಿದೆ. ಬಿಡಬಾರದಿತ್ತು. 1964ರಲ್ಲಿ ಬಾಸ್ಟನ್ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದ ಮೇಲೆ ಅವರು ವರ್ಷದ ಕಾರ್ಯಕ್ರಮಗಳನ್ನು ನಿಲ್ಲಿಸಿ, ಆಸ್ಪತ್ರೆಗೆ ಸೇರಿ, ಹೆಚ್ಚುಕಡಿಮೆ ಹದಿನೇಳು ವರ್ಷದ ಚಟವನ್ನು ಬಿಟ್ಟರು. ಅದೂ ಅವರ ದುಡಿಮೆಯ ಲೆಕ್ಕಕ್ಕೇ ಸೇರಬೇಕು.

ತಮಗೆ ಬೇಡವೇ ಬೇಡ ಎಂದುಕೊಂಡಿದ್ದ ಮೂರು ವಸ್ತುಗಳನ್ನು ಅವರು 1978ರ ಆತ್ಮಕಥೆಯಲ್ಲಿ ಹೇಳಿದ್ದಾರೆ: ದಾರಿ ತೋರುವ ನಾಯಿ, ಕೋಲು, ಗಿಟಾರ್. ಗಿಟಾರ್ ಏಕೆಂದರೆ, ಅವರು ಕೇಳಿ ತಿಳಿದಿದ್ದ ಕುರುಡು ಗಾಯಕರ ಕೈಯಲ್ಲೆಲ್ಲ ಅದೇ ಇರುತ್ತಿತ್ತು, ಜನ ಮರುಗಿ ಕಾಸು ಹಾಕುತ್ತಿದ್ದರು. ಆ ಮರುಕ ತಮ್ಮ ಹತ್ತಿರ ಸುಳಿಯಬಾರದು ಎಂಬುದು ಅವರ ಹಟ. ನಿಮ್ಮ ಲೇಖನದಲ್ಲಿ ‘ಪಾಪ’ ಎಂಬ ಪದ ಮೂರು ಕಡೆ ಇದೆ.

ಕಿವಿಯ ಬಗ್ಗೆಯೇ ಬರೆಯಬೇಕೆಂದಿದ್ದರೆ ಬರೆಯಲು ನಿಜವಾದ ವಿಷಯವಿತ್ತು. 1986ರಲ್ಲಿ ಅವರು ಸ್ಥಾಪಿಸಿದ ಪ್ರತಿಷ್ಠಾನ ಕಣ್ಣಿಗಾಗಿ ಹುಟ್ಟಿದ್ದಲ್ಲ, ಶ್ರವಣದೋಷಕ್ಕಾಗಿ ಹುಟ್ಟಿದ್ದು. ಕಣ್ಣಿಲ್ಲದೆ ಬದುಕುವುದು ತಮಗೆ ಕಲಿಕೆಯಿಂದ ಸಾಧ್ಯವಾಯಿತು, ಕಿವಿ ಹೋದರೆ ಸಂಗೀತವೇ ಹೋಗುತ್ತಿತ್ತು ಎಂಬುದು ಅವರ ನಿಲುವು. 2004ರ ಜೂನ್ 10ರಂದು ತೀರಿಕೊಂಡರು. ಎರಡು ತಿಂಗಳ ಬಳಿಕ ಬಂದ ‘ಜೀನಿಯಸ್ ಲವ್ಸ್ ಕಂಪನಿ’ ಆಲ್ಬಮ್ಮಿನಲ್ಲಿ ಪಂಡಿತ್ ರವಿಶಂಕರ್ ಅವರ ಮಗಳು ನೋರಾ ಜೋನ್ಸ್ ಅವರೊಡನೆ ಹಾಡಿದ್ದಾರೆ. ಆ ಹಾಡಿಗೆ ವರ್ಷದ ರೆಕಾರ್ಡ್ ಎಂಬ ಗ್ರ್ಯಾಮಿ ಬಂತು. ತಮ್ಮ ಬದುಕಿನ ಸಿನಿಮಾದ ಚಿತ್ರಕಥೆಯನ್ನು ಸಾಯುವ ಮುಂಚೆ ಅವರು ಬ್ರೈಲ್‌ನಲ್ಲಿ ತರಿಸಿಕೊಂಡು ಓದಿ, ತಪ್ಪೆನಿಸಿದ್ದನ್ನು ತಿದ್ದಲು ಹೇಳಿದ್ದರು. ಸೇಂಟ್ ಆಗಸ್ಟೀನ್ ಶಾಲೆಯಲ್ಲಿ ಕಲಿತದ್ದೇ ಆ ಓದು.

ಜಾರ್ಜಿಯಾದ ನಿಷೇಧದ ಸಂಗತಿಗೂ ನಾಡಗೀತೆಯ ಕರ್ತೃತ್ವಕ್ಕೂ ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಿ ಎಂದು ಕೋರುತ್ತೇವೆ. ಬ್ರೈಲ್ ಸ್ವರಲಿಪಿಯ ಚುಕ್ಕಿಗಳ ಚಿತ್ರವೊಂದನ್ನು ಅಚ್ಚು ಹಾಕುವುದಾದರೆ ಬರೆದು ಕಳಿಸಲು ಸಿದ್ಧರಿದ್ದೇವೆ.

ಇಂತಿ,
ಅಂಧ ಮಕ್ಕಳ ಸಂಗೀತ ಶಿಕ್ಷಕರಿಬ್ಬರು
ಧಾರವಾಡ